ಅಪ್‌ಡೇಟ್ ಆದ ಮೇಲೆ ನಿದ್ದೆಗೆಟ್ಟ ಲಿನಕ್ಸ್ ಡೆಸ್ಕ್‌ಟಾಪ್

“ಅಪ್‌ಡೇಟ್ ಕೊಟ್ಟ ಮೇಲೆ ಸಸ್ಪೆಂಡ್ ಸರಿ ಇಲ್ಲ” (ತೆರೆದ ಕೆಲಸ ಹಾಗೆಯೇ ಇಟ್ಟು ಯಂತ್ರವನ್ನು ಮಲಗಿಸುವುದೇ ಸಸ್ಪೆಂಡ್) ಎಂದು ಬಂದ ಡೆಸ್ಕ್‌ಟಾಪಿನ ಮುಂದೆ ಕೂತಾಗ ನಾನು ಮೊದಲು ಕೇಳುವುದು ಒಂದೇ: ಸರಿ ಇಲ್ಲ ಎಂದರೆ ಹೇಗೆ? ಉತ್ತರ ನಾಲ್ಕರಲ್ಲಿ ಒಂದಾಗಿರುತ್ತದೆ. ಮಲಗಲು ಹೇಳಿದರೆ ಪರದೆ ಕಪ್ಪಾಗಿ, ಇಪ್ಪತ್ತು ಸೆಕೆಂಡು ಬಿಟ್ಟು ಲಾಗಿನ್ ಪರದೆಯೇ ತಿರುಗಿ ಬರುತ್ತದೆ. ಇಲ್ಲವೇ ಪೂರ್ತಿ ಮಲಗಿ, ಎರಡು ಸೆಕೆಂಡಿನಲ್ಲಿ ಯಾರೂ ಮುಟ್ಟದೆ ಎದ್ದು ಕೂರುತ್ತದೆ. ಇಲ್ಲವೇ ಚೆನ್ನಾಗಿ ಮಲಗುತ್ತದೆ, ಎಬ್ಬಿಸಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಬರುವುದಿಲ್ಲ. ಕಡೆಯದು, ಎಬ್ಬಿಸಿದಾಗ ಮೊದಲಿನಿಂದ ಬೂಟ್ ಆಗುತ್ತದೆ. ತೆರೆದಿಟ್ಟ ಮದುವೆ ಕಾಗದ, ಸೇವ್ ಮಾಡದ ಬಿಲ್ಲು ಎಲ್ಲ ಹೋಗಿರುತ್ತದೆ. ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ. ಇದನ್ನು ಬಿಡಿಸಿಕೊಳ್ಳದೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಕರ್ನೆಲ್ (ಲಿನಕ್ಸಿನ ತಿರುಳು) ಪ್ಯಾರಾಮೀಟರನ್ನೆಲ್ಲ ಗ್ರಬ್ಬಿಗೆ (ಬೂಟ್ ಮಾಡಿಸುವ ತಂತ್ರಾಂಶ) ತುಂಬಿಸುವುದು ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ.

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಲಿನಕ್ಸ್ ಹೊಸತಲ್ಲ. ಕೇರಳದ ಶಾಲೆಗಳಲ್ಲಿ ಐಟಿ@ಸ್ಕೂಲ್ (ಸರಕಾರದ ಶಾಲಾ ಕಂಪ್ಯೂಟರ್ ಯೋಜನೆ) ಕಾಲದಿಂದಲೂ ಸ್ವತಂತ್ರ ತಂತ್ರಾಂಶ ಇರುವ ಕಾರಣ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಉಬುಂಟು ಕಂಡು ಗೊತ್ತುಂಟು. ಸಸ್ಪೆಂಡನ್ನು ಇಲ್ಲಿ ಜನ ಹೆಚ್ಚು ಬಳಸುವುದಕ್ಕೆ ಇನ್ವರ್ಟರೇ ಕಾರಣ. ಮಳೆಗಾಲದಲ್ಲಿ ಕರೆಂಟು ಹೋದಾಗ ಮಲಗಿದ ಡೆಸ್ಕ್‌ಟಾಪ್ ಎಳೆಯುವುದು ಕೆಲವೇ ವಾಟ್. ತೆರೆದ ಕಡತಗಳು ತೆರೆದ ಹಾಗೆಯೇ ಉಳಿಯುತ್ತವೆ. ಹಾಗಾಗಿ ಇದು ಕೆಟ್ಟರೆ ಅಂಗಡಿಯವರಿಗೆ ದಿನಕ್ಕೆ ನಾಲ್ಕು ಸಲ ತಲೆಬಿಸಿ.

ಕೆಳಗೆ ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಹೆಚ್ಚಿನವಕ್ಕೆ ಮುಂದೆ ಸೂಡೊ (ಆಡಳಿತಗಾರನ ಅಧಿಕಾರ ಕೊಡುವ ಆಜ್ಞೆ) ಬೇಕಾಗುತ್ತದೆ.

ಯಾವ ಅಪ್‌ಡೇಟ್, ಯಾವ ದಿನ

ಅಪ್‌ಡೇಟ್ ಎಂದರೆ ಒಂದು ವಸ್ತುವಲ್ಲ, ಒಂದೇ ಸಲಕ್ಕೆ ನೂರು ಪ್ಯಾಕೇಜು ಬಂದಿರಬಹುದು. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ತೆರೆದರೆ ಯಾವ ದಿನ ಯಾವುದು ಬಂತು ಎಂದು ಸಾಲು ಸಾಲಾಗಿ ಇರುತ್ತದೆ. ಹಳೆಯದು ಅದೇ ಜಾಗದಲ್ಲಿ ಜಿಜಿಪ್ ಆಗಿ ಕೂತಿರುತ್ತದೆ. ಫೆಡೋರಾದಲ್ಲಿ ‘ಡಿಎನ್‌ಎಫ್ ಹಿಸ್ಟರಿ’, ಆರ್ಚ್‌ನಲ್ಲಿ /ವಾರ್/ಲಾಗ್/ಪ್ಯಾಕ್‌ಮ್ಯಾನ್.ಲಾಗ್. ನೂರರಲ್ಲಿ ನನಗೆ ಬೇಕಾದದ್ದು ಐದೇ: ಕರ್ನೆಲ್, ಎನ್ವಿಡಿಯಾ ಡ್ರೈವರ್, ಲಿನಕ್ಸ್-ಫರ್ಮ್‌ವೇರ್, ಸಿಸ್ಟಂಡಿ (ಸೇವೆಗಳನ್ನು ನಡೆಸುವ ತಂತ್ರಾಂಶ), ಸಿಪಿಯುವಿನ ಮೈಕ್ರೋಕೋಡ್. ಲಿಬ್ರೆ ಆಫೀಸ್ ಅಪ್‌ಡೇಟ್ ಆದರೆ ಸಸ್ಪೆಂಡ್ ಕೆಡುವುದಿಲ್ಲ.

ಇನ್ನು ಕೊನೆಯ ಸಲ ಸರಿಯಾಗಿ ಮಲಗಿ ಎದ್ದದ್ದು ಯಾವಾಗ ಎಂದು ನೋಡುತ್ತೇನೆ.

ಜರ್ನಲ್‌ಸಿಟಿಎಲ್ _ಟ್ರಾನ್ಸ್‌ಪೋರ್ಟ್=ಕರ್ನೆಲ್ -ಜಿ 'ಪಿಎಂ: ಸಸ್ಪೆಂಡ್'

(ಇದರಲ್ಲಿ ಟ್ರಾನ್ಸ್‌ಪೋರ್ಟ್, ಪಿಎಂ ಎರಡೂ ದೊಡ್ಡಕ್ಷರ.) ಇಲ್ಲಿ ಹಲವರು -ಕೆ ಎಂದು ಹಾಕುತ್ತಾರೆ, ಅದು ಈ ಬೂಟಿನ ಲಾಗನ್ನು ಮಾತ್ರ ತೋರಿಸುತ್ತದೆ, ಕಳೆದ ವಾರದ್ದು ಸಿಗುವುದಿಲ್ಲ. ಮೇಲಿನ ಹಾಗೆ ಕೊಟ್ಟರೆ ಹಿಂದಿನ ಎಲ್ಲ ಬೂಟುಗಳದ್ದೂ ಬರುತ್ತದೆ. ಪ್ರತಿ ‘ಸಸ್ಪೆಂಡ್ ಎಂಟ್ರಿ’ಗೆ ಜೊತೆಯಾಗಿ ಒಂದು ‘ಸಸ್ಪೆಂಡ್ ಎಕ್ಸಿಟ್’ ಇರಬೇಕು. ಜೋಡಿ ಎಲ್ಲಿ ತಪ್ಪಿದೆಯೋ ಅಲ್ಲಿಂದ ರೋಗ ಶುರು.

ಈಗ ಒಂದು ಮೋಸ ಉಂಟು, ಇದರಲ್ಲಿ ಬೀಳದವರು ಕಡಿಮೆ. ಕರ್ನೆಲ್ ಪ್ಯಾಕೇಜು ಬಂದ ದಿನ ಹೊಸ ಕರ್ನೆಲ್ ಓಡಲು ಶುರುವಾಗುವುದಿಲ್ಲ, ರೀಬೂಟ್ ಆದ ಮೇಲೆಯೇ. ದಿನಾ ಸಸ್ಪೆಂಡ್ ಮಾಡುವವರು ರೀಬೂಟ್ ಮಾಡುವುದೇ ಇಲ್ಲ. ತಿಂಗಳ 3ಕ್ಕೆ ಕರ್ನೆಲ್ ಬಂದಿರುತ್ತದೆ, ಹಳೆಯದೇ ಓಡುತ್ತಿರುತ್ತದೆ. 20ನೇ ತಾರೀಕು ಮಳೆಗೆ ಕರೆಂಟು ಹೋಗಿ ಇನ್ವರ್ಟರೂ ಖಾಲಿಯಾಗಿ ಯಂತ್ರ ಬಿದ್ದು ಮತ್ತೆ ಬೂಟ್ ಆದಾಗ ಹೊಸ ಕರ್ನೆಲ್ ಮೊದಲ ಸಲ ಬರುತ್ತದೆ. ಅದರ ನಡುವೆ 18ಕ್ಕೆ ಬೇರೇನೋ ಅಪ್‌ಡೇಟ್ ಬಂದಿದ್ದರೆ ಬೈಗುಳ ಅದಕ್ಕೆ. ಆದ್ದರಿಂದ ‘ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್’ ಹಾಕಿ ಬೂಟಿನ ದಿನಗಳನ್ನು ಒಂದು ಕಾಗದದಲ್ಲಿ ಬರೆದು, ಪಕ್ಕದಲ್ಲಿ ಆಪ್ಟ್ ಲಾಗಿನ ದಿನಗಳನ್ನು ಬರೆದು ಹೊಂದಿಸಿ ನೋಡುತ್ತೇನೆ. ಐದು ನಿಮಿಷದ ಕೆಲಸ. ಅರ್ಧ ದಿನ ಉಳಿಯುತ್ತದೆ.

ಆಮೇಲೆ ಹಳೆಯ ಕರ್ನೆಲಿನಲ್ಲಿ ಬೂಟ್ ಮಾಡುವುದು. ಬೂಟ್ ಆಗುವಾಗ ಎಸ್ಕೇಪ್ ಕೀ ಒತ್ತಿ (ಹಳೆಯ ಬಯಾಸ್ ಆದರೆ ಎಡಗಡೆಯ ಶಿಫ್ಟ್ ಹಿಡಿದು) ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಹಿಂದಿನ ಆವೃತ್ತಿ ಕಾಣುತ್ತದೆ. ಅದರಲ್ಲಿ ಐದು ಸಲ ಮಲಗಿಸಿ ಎಬ್ಬಿಸಿದಾಗ ಐದೂ ಸಲ ಸರಿಯಾದರೆ ತಪ್ಪು ಹೊಸ ಕರ್ನೆಲಿನದ್ದು ಅಥವಾ ಅದರ ಜೊತೆ ಕಟ್ಟಿಕೊಂಡ ಡ್ರೈವರಿನದ್ದು. ಒಂದೇ ಸಲ ನೋಡಿ ತೀರ್ಮಾನಿಸಬಾರದು. ಮೂರರಲ್ಲಿ ಒಮ್ಮೆ ಕೈಕೊಡುವ ಯಂತ್ರಗಳೂ ಇರುತ್ತವೆ. ಹಳೆಯದರಲ್ಲೂ ಕೆಟ್ಟರೆ ಕರ್ನೆಲನ್ನು ಬಿಟ್ಟು ಸಿಸ್ಟಂಡಿ, ಫರ್ಮ್‌ವೇರ್, ಹಾರ್ಡ್‌ವೇರ್ ಕಡೆ ತಿರುಗಬೇಕು. ಎನ್ವಿಡಿಯಾ ಇದ್ದರೆ ಹಳೆಯ ಕರ್ನೆಲಿಗೂ ಅದರ ಮಾಡ್ಯೂಲ್ ಕಟ್ಟಿದೆಯೇ ಎಂದು ನೋಡಿಕೊಳ್ಳಬೇಕು, ಡಿಕೆಎಂಎಸ್ (ಪ್ರತಿ ಕರ್ನೆಲಿಗೂ ಡ್ರೈವರ್ ಕಟ್ಟಿಕೊಡುವ ವ್ಯವಸ್ಥೆ) ಬಳಸುವಲ್ಲಿ ‘ಡಿಕೆಎಂಎಸ್ ಸ್ಟೇಟಸ್’ ಹೇಳುತ್ತದೆ. ಇಲ್ಲದಿದ್ದರೆ ಕರ್ನೆಲಿನೊಂದಿಗೇ ಬರುವ ನೂವೋ ಡ್ರೈವರಿನಲ್ಲಿ ಪರೀಕ್ಷೆ ಮಾಡಿ ಎನ್ವಿಡಿಯಾದ ತೀರ್ಪು ಬರೆದ ಹಾಗಾಗುತ್ತದೆ. ಇಷ್ಟು ಮುಗಿಯುವವರೆಗೆ ‘ಆಟೋರಿಮೂವ್’ ಕೊಡಬೇಡಿ. ಹಳೆಯ ಕರ್ನೆಲೇ ಇಲ್ಲಿ ಏಣಿ.

ಎಷ್ಟು ಆಳದ ನಿದ್ದೆ

/ಸಿಸ್/ಪವರ್/ಮೆಮ್_ಸ್ಲೀಪ್ ಕಡತವನ್ನು ಕ್ಯಾಟ್ ಮಾಡಿದರೆ ‘ಎಸ್2ಐಡಲ್ [ಡೀಪ್]’ ಎಂಬಂಥ ಒಂದು ಸಾಲು. ಚೌಕ ಕಂಸದಲ್ಲಿ ಇರುವುದು ಈಗ ಬಳಕೆಯಲ್ಲಿರುವ ಬಗೆ. ಡೀಪ್ ಎಂದರೆ ಎಸ್3: ಫ್ಯಾನು ನಿಲ್ಲುತ್ತದೆ, ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಪವರ್ ದೀಪ ಮಿಣುಕುತ್ತದೆ, ರ್‍ಯಾಮಿಗೆ ಮಾತ್ರ ಕರೆಂಟು. ಎಸ್2ಐಡಲ್ ಎಂದರೆ ಸಿಪಿಯು ಸುಮ್ಮನಿದೆ ಅಷ್ಟೇ, ಡೆಸ್ಕ್‌ಟಾಪಿನಲ್ಲಿ ಫ್ಯಾನು ತಿರುಗುತ್ತಲೂ ಇರಬಹುದು. “ಮಲಗಿದೆ, ಆದರೆ ಫ್ಯಾನಿನ ಸದ್ದು ನಿಲ್ಲುವುದಿಲ್ಲ” ಎಂಬ ದೂರಿಗೆ ಎಷ್ಟೋ ಸಲ ಉತ್ತರ ಇಷ್ಟೇ. ಡೀಪ್ ಪಟ್ಟಿಯಲ್ಲಿದ್ದು ಆಯ್ಕೆಯಾಗಿಲ್ಲದಿದ್ದರೆ /ಇಟಿಸಿ/ಡಿಫಾಲ್ಟ್/ಗ್ರಬ್‌ನ ಕಮಾಂಡ್‌ಲೈನ್ ಸಾಲಿಗೆ ‘ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್’ ಸೇರಿಸಿ ಅಪ್‌ಡೇಟ್-ಗ್ರಬ್ ಕೊಡಬಹುದು. ಪಟ್ಟಿಯಲ್ಲೇ ಇಲ್ಲದಿದ್ದರೆ ಬಯಾಸ್ ಎಸ್3 ಕೊಡುತ್ತಿಲ್ಲ ಎಂದರ್ಥ, ಪ್ಯಾರಾಮೀಟರ್ ಹಾಕಿ ಪ್ರಯೋಜನ ಇಲ್ಲ. ಡಿಮೆಸೇಜಿನಲ್ಲಿ (ಕರ್ನೆಲಿನ ಸಂದೇಶ ತೋರಿಸುವ ಆಜ್ಞೆ, ಹೊಡೆಯುವಾಗ ಡಿ-ಎಂ-ಇ-ಎಸ್-ಜಿ ಐದೇ ಅಕ್ಷರ) ‘ಎಸಿಪಿಐ: ಪಿಎಂ: ಸಪೋರ್ಟ್ಸ್’ ಎಂದಿರುವ ಸಾಲಿನಲ್ಲಿ ಎಸ್0, ಎಸ್4, ಎಸ್5ರ ನಡುವೆ ಎಸ್3 ಕಾಣುತ್ತದೆಯೇ ನೋಡಿ, ಇಲ್ಲದಿದ್ದರೆ ಬಯಾಸಿನ ಒಳಗೆ ಹುಡುಕಬೇಕು.

ಪರೀಕ್ಷೆಗೆ ಆರ್‌ಟಿಸಿವೇಕ್ ಒಳ್ಳೆಯದು. ಗಡಿಯಾರವೇ ಎಬ್ಬಿಸುವ ಕಾರಣ ಕೀಬೋರ್ಡು, ಮೌಸುಗಳ ಗೊಂದಲ ಇರುವುದಿಲ್ಲ. ಆದರೆ ‘ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 40’ ಎಂದು ಕೊಟ್ಟರೆ ಅದು ಸಿಸ್ಟಂಡಿಯನ್ನು ದಾಟಿ ನೇರ ಕರ್ನೆಲಿಗೆ ಹೇಳುತ್ತದೆ. ಎನ್ವಿಡಿಯಾದ ಸಸ್ಪೆಂಡ್ ಸೇವೆ, ಮಲಗುವ ಮುಂಚಿನ ಸ್ಕ್ರಿಪ್ಟು ಯಾವುದೂ ಓಡುವುದಿಲ್ಲ. ಎನ್ವಿಡಿಯಾ ಯಂತ್ರದಲ್ಲಿ ಇದನ್ನು ಹೊಡೆದು ಪರದೆ ಕೆಟ್ಟರೆ ಅದು ನೀವೇ ಮಾಡಿದ ತೊಂದರೆ. ಅಲ್ಲಿ ಹೀಗೆ:

ಆರ್‌ಟಿಸಿವೇಕ್ -ಎಂ ನೋ -ಎಸ್ 40
ಸಿಸ್ಟಂಸಿಟಿಎಲ್ ಸಸ್ಪೆಂಡ್

ಮೊದಲ ಸಾಲು ಅಲಾರಂ ಮಾತ್ರ ಇಡುತ್ತದೆ, ಎರಡನೆಯದು ಕ್ರಮದಂತೆ ಮಲಗಿಸುತ್ತದೆ. ಎರಡು ವಿಧದಲ್ಲೂ ಮಾಡಿ ಹೋಲಿಸಿದರೆ ಇನ್ನೂ ಒಂದು ವಿಷಯ ಸಿಗುತ್ತದೆ: ನೇರ ಹೇಳಿದಾಗ ಸರಿಯಾಗಿ, ಸಿಸ್ಟಂಡಿ ಮೂಲಕ ಹೇಳಿದಾಗ ಕೆಟ್ಟರೆ ಕರ್ನೆಲಿನ ತಪ್ಪಿಲ್ಲ.

ಮಲಗಲು ಒಪ್ಪದೆ ತಿರುಗಿ ಬರುವುದು

ಇದು ಸುಲಭದ್ದು, ಯಂತ್ರ ಬದುಕಿರುವ ಕಾರಣ ಲಾಗ್ ಎಲ್ಲ ಹೇಳುತ್ತದೆ. ಇಪ್ಪತ್ತು ಸೆಕೆಂಡು ಎಂಬ ಲೆಕ್ಕವೇ ಸುಳಿವು. ಮಲಗುವ ಮೊದಲು ಕರ್ನೆಲ್ ಎಲ್ಲ ಪ್ರೋಗ್ರಾಂಗಳನ್ನು ಹೆಪ್ಪುಗಟ್ಟಿಸಿ ನಿಲ್ಲಿಸುತ್ತದೆ. ಯಾವುದಾದರೂ ಒಂದು ನಿಲ್ಲದಿದ್ದರೆ 20 ಸೆಕೆಂಡು ಕಾದು, ಸಾಧ್ಯವಿಲ್ಲ ಎಂದು ಹಿಂದೆ ಬರುತ್ತದೆ. ಲಾಗಿನಲ್ಲಿ ‘ಫ್ರೀಜಿಂಗ್ … ಫೇಲ್ಡ್ ಆಫ್ಟರ್ 20’ ಎಂಬ ಸಾಲು, ಅದರ ಕೆಳಗೆ ಹಟ ಹಿಡಿದ ಪ್ರೋಗ್ರಾಮಿನ ಹೆಸರು. ನಾನು ಹೆಚ್ಚು ಕಂಡದ್ದು ನೆಟ್‌ವರ್ಕ್ ಫೋಲ್ಡರುಗಳದ್ದು. ಡಿಟಿಪಿ ಅಂಗಡಿಯಲ್ಲಿ ಒಂದು ಯಂತ್ರದ ಫೋಲ್ಡರನ್ನು ಸಾಂಬಾ ಮೂಲಕ ಇನ್ನೊಂದರಲ್ಲಿ ಮೌಂಟ್ ಮಾಡಿರುತ್ತಾರೆ. ಸಂಜೆ ಆ ಯಂತ್ರ ಆಫ್ ಆಗಿದೆ, ಈ ಯಂತ್ರದ ಫೈಲ್ ಮ್ಯಾನೇಜರ್ ಅದರ ಉತ್ತರಕ್ಕೆ ಕಾಯುತ್ತಾ ಇದೆ. ಕಾಯುತ್ತಿರುವವನನ್ನು ಮಲಗಿಸಲಾಗುವುದಿಲ್ಲ. ಎಸ್‌ಎಸ್‌ಎಚ್‌ಎಫ್‌ಎಸ್‌ನಂಥ ಫ್ಯೂಸ್ ಮೌಂಟುಗಳದ್ದೂ ಇದೇ ಕತೆ.

ಮದ್ದು: /ಇಟಿಸಿ/ಎಫ್‌ಎಸ್‌ಟ್ಯಾಬ್‌ನ ಆ ಸಾಲಿಗೆ ‘ನೋಆಟೋ’, ‘ಎಕ್ಸ್-ಸಿಸ್ಟಂಡಿ.ಆಟೋಮೌಂಟ್’, ‘ಎಕ್ಸ್-ಸಿಸ್ಟಂಡಿ.ಐಡಲ್-ಟೈಮ್‌ಔಟ್=60’ ಎಂಬ ಮೂರನ್ನು ಸೇರಿಸುವುದು. ಫೋಲ್ಡರ್ ತೆರೆದಾಗ ಮಾತ್ರ ಮೌಂಟ್ ಆಗಿ, ಒಂದು ನಿಮಿಷ ಬಳಸದಿದ್ದರೆ ತಾನಾಗಿ ಬಿಡುತ್ತದೆ. ಮಲಗುವ ಮೊದಲು ‘ಯುಮೌಂಟ್ -ಎಲ್’ ಮಾಡುವ ಸ್ಕ್ರಿಪ್ಟನ್ನು ಕೆಲವರು ಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಮೌಂಟ್ ಕಣ್ಣಿಗೆ ಮರೆಯಾಗುತ್ತದೆ, ಕಾಯುತ್ತಿರುವ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ.

ಪ್ರೋಗ್ರಾಂ ಅಲ್ಲ, ಸಾಧನವೇ ಒಪ್ಪದಿದ್ದರೆ ‘ಸಮ್ ಡಿವೈಸಸ್ ಫೇಲ್ಡ್ ಟು ಸಸ್ಪೆಂಡ್’ ಎಂದು ಬರುತ್ತದೆ. ಆಗ /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್ ಫೋಲ್ಡರಿನ ಒಳಗೆ ‘ಲಾಸ್ಟ್_ಫೇಲ್ಡ್_ಡೆವ್’ ಎಂಬ ಕಡತ ಸಾಧನದ ವಿಳಾಸವನ್ನೇ ಕೊಡುತ್ತದೆ. 0000:03:00.0 ಎಂದಿದ್ದರೆ ‘ಎಲ್‌ಎಸ್‌ಪಿಸಿಐ -ಎಸ್ 03:00.0’ ಅದು ಯಾವುದೆಂದು ಹೇಳುತ್ತದೆ. ‘ಲಾಸ್ಟ್_ಫೇಲ್ಡ್_ಎರ್‌ನೋ’ದಲ್ಲಿ -16 ಇದ್ದರೆ ಸಾಧನ ಬಿಡುವಿಲ್ಲ ಎನ್ನುತ್ತಿದೆ. ಡಿಕೆಎಂಎಸ್‌ನಲ್ಲಿ ಹೊರಗಿನಿಂದ ಕಟ್ಟಿದ ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್‌ಗಳು ಇದರಲ್ಲಿ ಹೆಸರುವಾಸಿ. ಕರ್ನೆಲ್ ಬದಲಾದಾಗ ಡ್ರೈವರ್ ಹೇಗೋ ಕಟ್ಟಿಕೊಂಡಿರುತ್ತದೆ, ಮಲಗುವ ಭಾಗ ಕೆಟ್ಟಿರುತ್ತದೆ. ಡಾಂಗಲನ್ನು ಕಿತ್ತು ಒಮ್ಮೆ ಮಲಗಿಸಿ. ಅದೇ ಹೌದಾದರೆ /ಯುಎಸ್‌ಆರ್/ಲಿಬ್/ಸಿಸ್ಟಂಡಿ/ಸಿಸ್ಟಂ-ಸ್ಲೀಪ್ ಫೋಲ್ಡರಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟು ಸಾಕು: ಮೊದಲ ಆರ್ಗ್ಯುಮೆಂಟ್ ‘ಪ್ರಿ’ ಆದಾಗ ‘ಮಾಡ್‌ಪ್ರೋಬ್ -ಆರ್’ನಿಂದ ಮಾಡ್ಯೂಲ್ ತೆಗೆ, ‘ಪೋಸ್ಟ್’ ಆದಾಗ ತಿರುಗಿ ಹಾಕು. ಸ್ಕ್ರಿಪ್ಟಿಗೆ 755 ಅನುಮತಿ ಕೊಡದಿದ್ದರೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮತ್ತೊಂದು, ಆ ಫೋಲ್ಡರಿನ ಸ್ಕ್ರಿಪ್ಟುಗಳು ಒಂದರ ನಂತರ ಒಂದಲ್ಲ, ಒಟ್ಟಿಗೇ ಓಡುತ್ತವೆ. ಕ್ರಮ ಬೇಕಾದ ಕೆಲಸ ಒಂದೇ ಕಡತದಲ್ಲಿರಲಿ.

ಮಲಗಿದ ಕೂಡಲೇ ಏಳುವುದು

ಇಲ್ಲಿ ಮೊದಲ ಪರೀಕ್ಷೆಗೆ ಆಜ್ಞೆಯೇ ಬೇಡ. ನೆಟ್‌ವರ್ಕ್ ಕೇಬಲ್ ಕಿತ್ತು ಒಮ್ಮೆ, ಮೌಸ್ ಕಿತ್ತು ಒಮ್ಮೆ, ಯುಎಸ್‌ಬಿ ಹಬ್ ಕಿತ್ತು ಒಮ್ಮೆ ಮಲಗಿಸುವುದು. ತುಲಾ ತಿಂಗಳ ಸಿಡಿಲಿಗೆ ಹೆದರಿ ಇಲ್ಲಿ ಸಂಜೆಯಾದರೆ ಕೇಬಲ್ ಕೀಳುವ ಅಭ್ಯಾಸ ಹೇಗೂ ಉಂಟು. “ರಾತ್ರಿ ಸರಿಯಾಗಿ ಮಲಗುತ್ತದೆ, ಹಗಲು ಇಲ್ಲ” ಎಂದರೆ ಕೇಬಲಿನ ಮೇಲೆಯೇ ಸಂಶಯ. ‘ಈಥ್‌ಟೂಲ್’ಗೆ ಕಾರ್ಡಿನ ಹೆಸರು ಕೊಟ್ಟರೆ ‘ವೇಕ್-ಆನ್’ ಎದುರು ಜಿ ಅಥವಾ ಡಿ ಕಾಣುತ್ತದೆ. ಜಿ ಎಂದರೆ ಮ್ಯಾಜಿಕ್ ಪ್ಯಾಕೆಟ್ ಬಂದರೆ ಏಳು, ಡಿ ಎಂದರೆ ಏಳಬೇಡ. ‘ಈಥ್‌ಟೂಲ್ -ಎಸ್ … ಡಬ್ಲ್ಯುಒಎಲ್ ಡಿ’ ಕೊಟ್ಟು ನೋಡಬಹುದು.

ಎಲ್ಲ ಕಿತ್ತರೂ ಏಳುತ್ತಿದ್ದರೆ /ಪ್ರೊಕ್/ಎಸಿಪಿಐ/ವೇಕಪ್ ಕಡತ ನೋಡುವುದು. ಇದರಲ್ಲಿ ನಾಲ್ಕು ಕಂಬ: ಸಾಧನದ ನಾಲ್ಕಕ್ಷರದ ಹೆಸರು, ಯಾವ ನಿದ್ದೆಯಿಂದ ಎಬ್ಬಿಸಬಲ್ಲದು, ಎಬ್ಬಿಸುವ ಹಕ್ಕು ಉಂಟೋ ಇಲ್ಲವೋ, ಪಿಸಿಐ ವಿಳಾಸ. ಎಎಂಡಿ ಬೋರ್ಡಿನಲ್ಲಿ ‘ಜಿಪಿಪಿ0 ಎಸ್4 *ಎನೇಬಲ್ಡ್ ಪಿಸಿಐ:0000:00:01.1’ ಎಂಬ ಮಾದರಿಯ ಸಾಲುಗಳು, ಇಂಟೆಲಿನಲ್ಲಿ ‘ಎಕ್ಸ್‌ಎಚ್‌ಸಿ’ ಎಂಬ ಯುಎಸ್‌ಬಿ ಸಾಲು. ಬಿ550 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಈ ಜಿಪಿಪಿ0 ಎಂಬ ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟೇ ತಟ್ಟಿ ಎಬ್ಬಿಸುವುದು ತುಂಬಾ ಕಡೆ ಕಂಡುಬಂದಿದೆ, ನಾನು ಅದರಿಂದಲೇ ಶುರು ಮಾಡುತ್ತೇನೆ. ‘ಎಕೋ ಜಿಪಿಪಿ0’ ಎಂಬುದನ್ನು ರೂಟ್ ಆಗಿ ಆ ಕಡತಕ್ಕೆ ಬರೆದರೆ ಎನೇಬಲ್ಡ್ ಹೋಗಿ ಡಿಸೇಬಲ್ಡ್ ಆಗುತ್ತದೆ. ಮಲಗಿಸಿ ನೋಡಿ. ಉಪಯೋಗ ಆಗದಿದ್ದರೆ ಅದನ್ನು ಮೊದಲಿನ ಸ್ಥಿತಿಗೆ ತಂದು ಮುಂದಿನ ಸಾಲಿಗೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ಮಲಗಿದ ಯಂತ್ರ ಕೀಬೋರ್ಡಿಗೂ ಏಳುವುದಿಲ್ಲ, ಕಳ್ಳ ಯಾರೆಂದೂ ಗೊತ್ತಾಗುವುದಿಲ್ಲ.

ಈ ಕಡತದ ಸ್ವಭಾವವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇದು ಗೋಡೆಯ ಬೆಲ್ಲಿನ ಸ್ವಿಚ್ಚಲ್ಲ, ಒತ್ತಿದಾಗೆಲ್ಲ ತಿರುಗಿ ಬೀಳುವ ಸ್ವಿಚ್ಚು. ಅದೇ ಹೆಸರನ್ನು ಎರಡು ಸಲ ಬರೆದರೆ ಮೊದಲಿದ್ದಲ್ಲಿಗೇ ಬರುತ್ತದೆ, ರೀಬೂಟ್ ಆದರೆ ಎಲ್ಲ ಅಳಿಯುತ್ತದೆ. ಹಾಗೆಂದು ಬೂಟಿಗೊಮ್ಮೆ ಎಕೋ ಹೊಡೆಯುವ ಸೇವೆ ಮಾಡಿಟ್ಟವರಿಗೆ ಮುಂದಿನ ಯಾವುದೋ ಕರ್ನೆಲಿನಲ್ಲಿ ಆ ಪೋರ್ಟು ತಾನಾಗಿ ಡಿಸೇಬಲ್ಡ್ ಆಗಿ ಬಂದರೆ, ಇವರ ಎಕೋ ಅದನ್ನು ಎನೇಬಲ್ ಮಾಡಿ ಕೂರಿಸುತ್ತದೆ. ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಎಂಬ ದೂರುಗಳಲ್ಲಿ ಹಳೆಯ ಮದ್ದೇ ಹೊಸ ರೋಗವಾದದ್ದೂ ಸೇರಿರುತ್ತದೆ. ಅದರ ಬದಲು ಯುಡೆವ್ (ಸಾಧನ ಕಂಡಾಗ ಸೆಟ್ಟಿಂಗ್ ಹಾಕುವ ವ್ಯವಸ್ಥೆ) ನಿಯಮ ಬರೆಯಿರಿ. /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಒಂದೇ ಸಾಲಿನ ಕಡತ, ಅದರಲ್ಲಿ ನಾಲ್ಕು ಮಾತು: ಆ್ಯಕ್ಷನ್ ಆ್ಯಡ್, ಸಬ್‌ಸಿಸ್ಟಂ ಪಿಸಿಐ, ಕರ್ನೆಲ್ ಎದುರು 0000:00:01.1 ವಿಳಾಸ, ಕೊನೆಯಲ್ಲಿ ‘ಪವರ್/ವೇಕಪ್’ ಎಂಬ ಆಟ್ರಿಬ್ಯೂಟಿಗೆ ‘ಡಿಸೇಬಲ್ಡ್’. ಮೊದಲ ಮೂರಕ್ಕೆ ಎರಡು ಸಮ ಚಿಹ್ನೆ, ಕೊನೆಯದಕ್ಕೆ ಒಂದು. ಇದು ಎಷ್ಟು ಸಲ ಓಡಿದರೂ ಡಿಸೇಬಲ್ಡ್ ಎಂದೇ ಇರುತ್ತದೆ.

ಎದ್ದ ಕೂಡಲೇ /ಸಿಸ್/ಪವರ್/ಪಿಎಂ_ವೇಕಪ್_ಐಆರ್‌ಕ್ಯು ಓದಿದರೆ ಎಬ್ಬಿಸಿದ ಐಆರ್‌ಕ್ಯು ಸಂಖ್ಯೆ (ಸಾಧನ ಸಿಪಿಯುವನ್ನು ಕರೆಯುವ ಗುರುತು) ಸಿಗಬಹುದು. /ಪ್ರೊಕ್/ಇಂಟರಪ್ಟ್ಸ್‌ನಲ್ಲಿ ಅದರ ಒಡೆಯ ಯಾರೆಂದು ನೋಡಬಹುದು. 9 ಎಂದು ಬಂದರೆ ಎಸಿಪಿಐ (ಬೋರ್ಡಿನ ವಿದ್ಯುತ್ ನಿರ್ವಹಣೆಯ ವ್ಯವಸ್ಥೆ) ಎಂಬಷ್ಟೇ ಅರ್ಥ, ಮೇಲಿನ ಪಟ್ಟಿಗೇ ಹಿಂದಿರುಗಬೇಕು. ಮೌಸೇ ಕಳ್ಳನಾದರೆ ಅದರ ಯುಎಸ್‌ಬಿ ಫೋಲ್ಡರಿನ ಪವರ್/ವೇಕಪ್‌ಗೆ ಮಾತ್ರ ಡಿಸೇಬಲ್ಡ್ ಬರೆಯಿರಿ, ಕೀಬೋರ್ಡ್ ಇರಲಿ. ಅಲುಗಾಡುವ ಮೇಜಿನ ಮೇಲೆ ಆಪ್ಟಿಕಲ್ ಮೌಸ್ ಇಟ್ಟರೆ ಬಾಗಿಲು ಹಾಕಿದ ಕಂಪನಕ್ಕೂ ಯಂತ್ರ ಏಳುತ್ತದೆ.

ಎದ್ದರೂ ಕಪ್ಪು ಪರದೆ

ಕ್ಯಾಪ್ಸ್‌ಲಾಕ್ ಒತ್ತಿ. ದೀಪ ಉರಿದು ಆರುತ್ತಿದ್ದರೆ ಯಂತ್ರ ಬದುಕಿದೆ, ಪರದೆ ಮಾತ್ರ ಸತ್ತಿದೆ. ಸಮಸ್ಯೆ ಬರುವ ಮೊದಲೇ ಓಪನ್‌ಎಸ್‌ಎಸ್‌ಎಚ್ ಸರ್ವರ್ (ಬೇರೆ ಯಂತ್ರದಿಂದ ಒಳಬರಲು ಬಿಡುವ ತಂತ್ರಾಂಶ) ಹಾಕಿಟ್ಟಿದ್ದರೆ ಫೋನಿನ ಟರ್ಮಿನಲ್ ಆ್ಯಪ್ ಟರ್ಮಕ್ಸ್‌ನಿಂದ ಒಳಹೋಗಿ ಆಗಿನ ಲಾಗನ್ನು ಹಸಿಹಸಿಯಾಗಿ ಓದಬಹುದು, ಪವರ್ ಬಟನ್ ಹಿಡಿದು ಕೊಲ್ಲಬೇಕಾಗಿಲ್ಲ. ಇದನ್ನು ನಾನು ಪರೀಕ್ಷೆಗೆ ಬಂದ ಪ್ರತಿ ಯಂತ್ರಕ್ಕೂ ಮೊದಲ ಐದು ನಿಮಿಷದಲ್ಲಿ ಹಾಕುತ್ತೇನೆ, ಕೆಲಸ ಮುಗಿದ ಮೇಲೆ ತೆಗೆಯುತ್ತೇನೆ.

ಎನ್ವಿಡಿಯಾ ಕಾರ್ಡಾದರೆ ಎರಡು ಪ್ರಶ್ನೆ. ಎನ್ವಿಡಿಯಾ-ಸಸ್ಪೆಂಡ್, ಎನ್ವಿಡಿಯಾ-ರೆಸ್ಯೂಮ್, ಎನ್ವಿಡಿಯಾ-ಹೈಬರ್ನೇಟ್ ಎಂಬ ಮೂರು ಸೇವೆಗಳು ಎನೇಬಲ್ ಆಗಿವೆಯೇ? ‘ಸಿಸ್ಟಂಸಿಟಿಎಲ್ ಈಸ್-ಎನೇಬಲ್ಡ್’ ಹೇಳುತ್ತದೆ. ಎರಡನೆಯದು, /ಪ್ರೊಕ್/ಡ್ರೈವರ್/ಎನ್ವಿಡಿಯಾ/ಪ್ಯಾರಮ್ಸ್ ಕಡತದಲ್ಲಿ ‘ಪ್ರಿಸರ್ವ್‌ವಿಡಿಯೋಮೆಮೊರಿಅಲೋಕೇಶನ್ಸ್’ ಎದುರು 1 ಇದೆಯೇ? ಎಸ್3ರಲ್ಲಿ ಕಾರ್ಡಿನ ಕರೆಂಟು ಹೋಗುತ್ತದೆ, ಅದರ ಮೆಮೊರಿಯಲ್ಲಿದ್ದದ್ದೂ ಹೋಗುತ್ತದೆ. ಈ ಆಯ್ಕೆ 1 ಆಗಿದ್ದರೆ ಮಲಗುವ ಮೊದಲು ಅದನ್ನೆಲ್ಲ ಒಂದು ಕಡತಕ್ಕೆ ಇಳಿಸಿ, ಎದ್ದ ಮೇಲೆ ತಿರುಗಿ ತುಂಬುತ್ತದೆ. ಇಳಿಸುವ, ತುಂಬುವ ಕೆಲಸ ಆ ಸೇವೆಗಳದ್ದು. ಆಯ್ಕೆ ಇದ್ದು ಸೇವೆ ಇಲ್ಲದಿದ್ದರೆ, ಸೇವೆ ಇದ್ದು ಆಯ್ಕೆ ಇಲ್ಲದಿದ್ದರೆ ಎರಡೂ ಕೆಡುಕೇ. ಹಿಂದೊಮ್ಮೆ ಎನ್ವಿಡಿಯಾ ತಾಣದ .ರನ್ ಕಡತದಿಂದ ಹಾಕಿದ ಡ್ರೈವರ್ ಮೇಲೆ ಪ್ಯಾಕೇಜಿನ ಡ್ರೈವರ್ ಬಂದು ಕೂತ ಯಂತ್ರಗಳಲ್ಲಿ ಇಂಥ ಅರೆಬರೆ ಸ್ಥಿತಿ ನೋಡಲು ಸಿಗುತ್ತದೆ.

ಕಡತ ಇಳಿಯುವ ಜಾಗವೂ ಮುಖ್ಯ. ಹೇಳದಿದ್ದರೆ ಅದು /ಟೆಂಪ್‌ಗೆ ಹೋಗುತ್ತದೆ. /ಟೆಂಪ್ ಎಂಬುದು ರ್‍ಯಾಮಿನಲ್ಲೇ ಇರುವ ವ್ಯವಸ್ಥೆಗಳಲ್ಲಿ, ಡೆಬಿಯನ್ 13ರಲ್ಲಿ ಹಾಗೆ, 8 ಜಿಬಿ ರ್‍ಯಾಮಿನ ಯಂತ್ರಕ್ಕೆ 6 ಜಿಬಿ ಕಾರ್ಡಿನ ಮೆಮೊರಿ ಎಲ್ಲಿ ಹಿಡಿಸಬೇಕು? /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಎನ್ವಿಡಿಯಾದ ಆಯ್ಕೆಗಳ ಸಾಲಿನಲ್ಲಿ ‘ಎನ್‌ವಿರೆಗ್_ಟೆಂಪರರಿಫೈಲ್‌ಪಾತ್=/ವಾರ್/ಟೆಂಪ್’ ಎಂದು ಬರೆಯಬೇಕು. (ಫೋಲ್ಡರಿನ ಹೆಸರು ಟಿ-ಎಂ-ಪಿ ಮೂರೇ ಅಕ್ಷರ.) ಕಾರ್ಡಿನ ಪೂರ್ತಿ ಮೆಮೊರಿ, ಅದರ ಮೇಲೆ ಶೇ 5ರಷ್ಟು ಜಾಗ ಅಲ್ಲಿ ಖಾಲಿ ಇರಬೇಕು. ಬರೆದ ಮೇಲೆ ‘ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ -ಯು’ ಕೊಟ್ಟು ರೀಬೂಟ್. /ಬೂಟ್ ತುಂಬಿಹೋಗಿದ್ದರೆ ಈ ಆಜ್ಞೆ ನಡುವಿನಲ್ಲೇ ಸೋಲುತ್ತದೆ, ಕೊನೆಯ ಸಾಲುಗಳನ್ನು ಓದದೆ ರೀಬೂಟ್ ಮಾಡಬೇಡಿ.

ಸಿಸ್ಟಂಡಿಯ ಪಾತ್ರ ಇಲ್ಲೇ ಬರುತ್ತದೆ. 2024ರಲ್ಲಿ ಬಂದ 256ನೇ ಆವೃತ್ತಿಯಿಂದ ಅದು ಮಲಗಿಸುವ ಮೊದಲು ಬಳಕೆದಾರರ ಸೆಷನ್ನನ್ನು ತಾನೂ ಹೆಪ್ಪುಗಟ್ಟಿಸುತ್ತದೆ. ಡೆಬಿಯನ್ 12ರಲ್ಲಿ 252 ಇತ್ತು, 13ರಲ್ಲಿ 257, ಉಬುಂಟು 24.04ರಲ್ಲಿ 255. ಅಂದರೆ 12ರಿಂದ 13ಕ್ಕೆ ಏರಿದವರಿಗೆ ಇದು ಹೊಸತು. ಎನ್ವಿಡಿಯಾ ಡ್ರೈವರಿಗೂ ಇದಕ್ಕೂ ಹೊಂದಾಣಿಕೆ ತಪ್ಪಿದರೆ ಮಲಗುವಾಗಲೋ ಏಳುವಾಗಲೋ ಸಿಕ್ಕಿಬೀಳುತ್ತದೆ. ‘ಸಿಸ್ಟಂಸಿಟಿಎಲ್ ಎಡಿಟ್ ಸಿಸ್ಟಂಡಿ-ಸಸ್ಪೆಂಡ್.ಸರ್ವಿಸ್’ ತೆರೆದು ಸರ್ವಿಸ್ ಭಾಗದಲ್ಲಿ ‘ಸಿಸ್ಟಂಡಿ_ಸ್ಲೀಪ್_ಫ್ರೀಜ್_ಯೂಸರ್_ಸೆಷನ್ಸ್=ಫಾಲ್ಸ್’ ಎಂಬ ಎನ್ವಿರಾನ್ಮೆಂಟ್ ಸಾಲು ಕೊಟ್ಟರೆ (ಫಾಲ್ಸ್ ಬಿಟ್ಟು ಉಳಿದದ್ದೆಲ್ಲ ದೊಡ್ಡಕ್ಷರ) ಹಳೆಯ ನಡೆಗೆ ಬರುತ್ತದೆ. ಕೆಲವು ಡ್ರೈವರ್ ಪ್ಯಾಕೇಜುಗಳು ಇದನ್ನು ತಾವೇ ಹಾಕಿಕೊಂಡು ಬರುತ್ತವೆ. ‘ಸಿಸ್ಟಂಸಿಟಿಎಲ್ ಕ್ಯಾಟ್’ನಲ್ಲಿ ಮೊದಲು ನೋಡಿ, ಎರಡು ಸಲ ಬೇಡ. ಎನ್ವಿಡಿಯಾ ಇಲ್ಲದಲ್ಲಿ ಇದನ್ನು ಮುಟ್ಟುವ ಅಗತ್ಯ ನನಗೆ ಕಂಡಿಲ್ಲ.

ಎಎಂಡಿ ಕಾರ್ಡಿನಲ್ಲಿ ‘ರೆಸ್ಯೂಮ್ ಆಫ್ ಐಪಿ ಬ್ಲಾಕ್ … ಫೇಲ್ಡ್ -110’ ಎಂಬ ಸಾಲು ಸಿಕ್ಕಿದರೆ ಕಾರ್ಡಿನ ಒಂದು ಭಾಗ ಸಮಯಕ್ಕೆ ಉತ್ತರ ಕೊಡಲಿಲ್ಲ ಎಂದರ್ಥ. ಕರ್ನೆಲ್ ಹೊಸತು, ಲಿನಕ್ಸ್-ಫರ್ಮ್‌ವೇರ್ ಹಳತು (ಅಥವಾ ತಿರುಗಾಮುರುಗಾ) ಆಗಿದೆಯೇ ನೋಡುತ್ತೇನೆ. ಎರಡನ್ನೂ ಒಂದೇ ಕಾಲದ್ದು ಮಾಡಿದರೂ ಹೋಗದಿದ್ದರೆ ಹಳೆಯ ಕರ್ನೆಲೇ ಗತಿ.

ಕ್ಯಾಪ್ಸ್‌ಲಾಕೂ ಉರಿಯದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಬೇಕು. /ಸಿಸ್/ಪವರ್/ಪಿಎಂ_ಟೆಸ್ಟ್‌ಗೆ ‘ಫ್ರೀಜರ್’ ಎಂದು ಬರೆದು, ಆಮೇಲೆ /ಸಿಸ್/ಪವರ್/ಸ್ಟೇಟ್‌ಗೆ ‘ಮೆಮ್’ ಬರೆಯಿರಿ. ಪ್ರೋಗ್ರಾಂಗಳನ್ನು ನಿಲ್ಲಿಸಿ 5 ಸೆಕೆಂಡು ಕಾದು, ನಿಜವಾಗಿ ಮಲಗದೆ ತಿರುಗಿ ಬರುತ್ತದೆ. ಅದು ಸರಿಯಾದರೆ ‘ಡಿವೈಸಸ್’, ಆಮೇಲೆ ‘ಪ್ಲ್ಯಾಟ್‌ಫಾರ್ಮ್’, ‘ಪ್ರೊಸೆಸರ್ಸ್’, ‘ಕೋರ್’. ಎಲ್ಲಿ ಮೇಲೆ ಬರಲಿಲ್ಲವೋ ಆ ಮೆಟ್ಟಿಲಲ್ಲಿ ರೋಗ. ಡಿವೈಸಸ್‌ನಲ್ಲಿ ಸತ್ತರೆ ಡ್ರೈವರು. ಕೋರ್ ತನಕ ಎಲ್ಲ ಪಾಸಾಗಿ ನಿಜದ ನಿದ್ದೆಯಲ್ಲಿ ಮಾತ್ರ ಸತ್ತರೆ ಬಯಾಸ್ ಅಥವಾ ಹಾರ್ಡ್‌ವೇರ್ ಕಡೆ ನೋಡಬೇಕು. ಮುಗಿದ ಮೇಲೆ ‘ನನ್’ ಎಂದು ಬರೆಯಲು ಮರೆತರೆ ಯಂತ್ರ ಮಲಗುವ ನಾಟಕ ಮಾತ್ರ ಮಾಡುತ್ತಿರುತ್ತದೆ.

ಡ್ರೈವರು ಎಂದು ಗೊತ್ತಾಗಿ ಯಾವ ಡ್ರೈವರು ಎಂದು ಗೊತ್ತಾಗದಿದ್ದರೆ ಪಿಎಂ_ಟ್ರೇಸ್ ಉಂಟು. ಅದಕ್ಕೆ 1 ಬರೆದು ಮಲಗಿಸಿದರೆ ಪ್ರತಿ ಹೆಜ್ಜೆಯ ಗುರುತನ್ನು ಗಡಿಯಾರದ ಚಿಪ್ಪಿನಲ್ಲಿ ಬರೆಯುತ್ತಾ ಹೋಗುತ್ತದೆ. ಸತ್ತ ಮೇಲೂ ಉಳಿಯುವ ಜಾಗ ಅದೊಂದೇ. ಸತ್ತದ್ದು ಖಾತ್ರಿಯಾದ ಕೂಡಲೇ ರೀಬೂಟ್ ಮಾಡಬೇಕು, ಗಡಿಯಾರ ಓಡುತ್ತಿರುವ ಕಾರಣ ಮೂರು ನಿಮಿಷ ಮೀರಿದರೆ ಗುರುತು ಅಳಿಸುತ್ತದೆ. ಎದ್ದ ಮೇಲೆ ಡಿಮೆಸೇಜಿನಲ್ಲಿ ‘ಹ್ಯಾಶ್ ಮ್ಯಾಚಸ್’ ಎಂಬ ಸಾಲು ಹುಡುಕಿ. ಇದರ ಬೆಲೆ ಏನೆಂದರೆ ತಾರೀಕು ಎಲ್ಲೋ ಹೋಗಿರುತ್ತದೆ. ತಾರೀಕು ಸರಿಮಾಡದೆ ಬ್ರೌಸರ್ ತೆರೆದರೆ ಬ್ಯಾಂಕಿನ ಪುಟವೂ ಸರ್ಟಿಫಿಕೇಟ್ ಸರಿ ಇಲ್ಲ ಎನ್ನುತ್ತದೆ, ಅಂಗಡಿಯವರು ಇನ್ನಷ್ಟು ಗಾಬರಿಯಾಗುತ್ತಾರೆ.

ಪೂರ್ತಿ ಸತ್ತ ಯಂತ್ರವನ್ನು ಬೀಳಿಸುವಾಗ ಆಲ್ಟ್, ಸಿಸ್‌ರಿಕ್ (ಪ್ರಿಂಟ್ ಸ್ಕ್ರೀನ್ ಕೀ) ಹಿಡಿದು ಎಸ್, ಯು, ಬಿ ಒತ್ತುವುದು ಪವರ್ ಬಟನಿಗಿಂತ ಮೇಲು. ಉಬುಂಟುವಿನಲ್ಲಿ ಇದರ ಸೆಟ್ಟಿಂಗಿನ ಸಂಖ್ಯೆ 176 ಎಂದಿರುತ್ತದೆ: 128, 32, 16 ಕೂಡಿದ್ದು, ಅಂದರೆ ರೀಬೂಟ್, ರೀಮೌಂಟ್, ಸಿಂಕ್ ಮೂರಕ್ಕೆ ಮಾತ್ರ ಅನುಮತಿ. ಆರ್, ಇ, ಐ ಒತ್ತಿ ಏನೂ ಆಗಲಿಲ್ಲ ಎಂದು ಬೇಸರಿಸಬೇಡಿ.

ಎಬ್ಬಿಸಿದರೆ ಹೊಸದಾಗಿ ಬೂಟ್

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇಲ್ಲೇ ಹೆಚ್ಚು. ರ್‍ಯಾಮಿನಲ್ಲಿದ್ದದ್ದು ಹೋಗಿದೆ ಎಂದರೆ ಮೊದಲ ಸಂಶಯ ಕರೆಂಟಿನ ಮೇಲೆ ಇರಲಿ. ಎಸ್3ರಲ್ಲಿ ರ್‍ಯಾಮ್ ಬದುಕುವುದು ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ತಂತಿಯಿಂದ. 24 ಪಿನ್ನಿನ ಕನೆಕ್ಟರಿನಲ್ಲಿ 9ನೇ ಪಿನ್ನು, ನೇರಳೆ ಬಣ್ಣ. ಯಂತ್ರ ಮಲಗಿರುವಾಗಲೇ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ನೇರಳೆ ತಂತಿಯ ಹಿಂಬದಿಯಿಂದ ತೂರಿಸಿ, ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೆ ಕೊಟ್ಟು ಅಳೆಯಿರಿ. 4.75ರಿಂದ 5.25ರ ಒಳಗಿರಬೇಕು. 4.6ಕ್ಕೆ ಇಳಿದ ಎಸ್‌ಎಂಪಿಎಸ್ ಇಟ್ಟುಕೊಂಡು ಕರ್ನೆಲ್ ಬದಲಿಸಿ ಫಲವಿಲ್ಲ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ಚಿದ್ದರೆ ಅದು ಯುಪಿಎಸ್ ಕಡೆಗಿರಲಿ. ನಾರ್ಮಲ್‌ನಲ್ಲಿ ಕರೆಂಟು ಬದಲಾಗುವ ಅಂತರ ಹೆಚ್ಚು.

ಇನ್ನೊಂದು, ಬೋರ್ಡಿನ ಸಿಆರ್2032 ಸೆಲ್. ಅದು ಸತ್ತಿದ್ದರೆ ಪ್ರತಿ ದೊಡ್ಡ ಕರೆಂಟು ಕಡಿತಕ್ಕೂ ಬಯಾಸಿನ ಸೆಟ್ಟಿಂಗು ಫ್ಯಾಕ್ಟರಿಯದ್ದಾಗುತ್ತದೆ, ನಿದ್ದೆಯ ಆಯ್ಕೆಗಳೂ ಅದರೊಟ್ಟಿಗೆ ಹೋಗುತ್ತವೆ. ತಾರೀಕು ತಪ್ಪಿರುವುದು ಗುರುತು (ಪಿಎಂ_ಟ್ರೇಸ್ ಮಾಡಿರದಿದ್ದರೆ!). ಹೊಸದರಲ್ಲಿ 3 ವೋಲ್ಟ್ ಇರುತ್ತದೆ, 2.8ಕ್ಕಿಂತ ಕೆಳಗಿದ್ದರೆ ನಾನು ಬದಲಿಸುತ್ತೇನೆ. ರ್‍ಯಾಮಿಗೆ ಎಕ್ಸ್‌ಎಂಪಿ (ವೇಗ ಹೆಚ್ಚಿಸುವ ಬಯಾಸ್ ಆಯ್ಕೆ) ಹಾಕಿದ್ದರೆ ತೆಗೆದು ಒಂದು ದಿನ ನೋಡಬೇಕು. ನಮ್ಮ ಕಡೆಯ ತೇವಕ್ಕೆ ರ್‍ಯಾಮಿನ ಕಾಲುಗಳು ಕಪ್ಪಾಗಿದ್ದರೆ ರಬ್ಬರಿನಿಂದ ಉಜ್ಜಿ ಕೂರಿಸುವುದೂ ಇದರ ಜೊತೆಗೆ.

ಸಿಕ್ಕಿದ ಮೇಲೆ

ತಪ್ಪು ಕರ್ನೆಲಿನದ್ದೇ ಎಂದು ಖಚಿತವಾದರೆ ಹೊಸ ಕರ್ನೆಲನ್ನು ಎಳೆದು ತರುವ ಮೆಟಾ ಪ್ಯಾಕೇಜಿಗೆ ‘ಆಪ್ಟ್-ಮಾರ್ಕ್ ಹೋಲ್ಡ್’ ಹಾಕಿ, ಗ್ರಬ್ಬಿನಲ್ಲಿ ಹಳೆಯದನ್ನು ಡಿಫಾಲ್ಟ್ ಮಾಡುತ್ತೇನೆ. ‘1>2’ ಎಂದು ಸಂಖ್ಯೆಯಲ್ಲಿ ಕೊಡಬಾರದು, ಇನ್ನೊಂದು ಕರ್ನೆಲ್ ಬಂದರೆ ಸಂಖ್ಯೆ ಜಾರುತ್ತದೆ. ಮೆನುವಿನ ಹೆಸರನ್ನೇ ಕೊಡಬೇಕು. ಹೋಲ್ಡ್ ಹಾಕಿದ್ದು ಶಾಶ್ವತ ಅಲ್ಲ, ಭದ್ರತೆಯ ತಿದ್ದುಪಡಿಗಳೂ ಅದರೊಟ್ಟಿಗೆ ನಿಲ್ಲುತ್ತವೆ. ಹಾಕಿದ ತಾರೀಕು, ಕಾರಣ, ಬದಲಿಸಿದ ಕಡತಗಳ ಪಟ್ಟಿಯನ್ನು ಡೆಸ್ಕ್‌ಟಾಪಿನಲ್ಲೇ ಒಂದು ಟೆಕ್ಸ್ಟ್ ಕಡತದಲ್ಲಿ ಬರೆದಿಡುತ್ತೇನೆ. ಒಂದೆರಡು ತಿಂಗಳ ನಂತರ ಹೊಸ ಕರ್ನೆಲನ್ನು ‘ಗ್ರಬ್-ರೀಬೂಟ್’ನಿಂದ ಒಮ್ಮೆಗೆ ಮಾತ್ರ ಎಬ್ಬಿಸಿ ನೋಡಬಹುದು, ಕೆಟ್ಟರೆ ಮುಂದಿನ ಬೂಟಿಗೆ ತಾನಾಗಿ ಹಳೆಯದೇ ಬರುತ್ತದೆ. ಅದಕ್ಕೆ ಗ್ರಬ್_ಡಿಫಾಲ್ಟ್ ಎದುರು ‘ಸೇವ್ಡ್’ ಎಂದಿರಬೇಕು, ಹಳೆಯದನ್ನು ‘ಗ್ರಬ್-ಸೆಟ್-ಡಿಫಾಲ್ಟ್’ನಿಂದ ಉಳಿಸಿರಬೇಕು.

ಎದ್ದ ಮೇಲೆ ಕನ್ನಡವೋ ಮಲಯಾಳವೋ ಟೈಪ್ ಆಗುವುದಿಲ್ಲ ಎಂಬ ದೂರನ್ನು ಇದಕ್ಕೆ ಬೆರೆಸಬೇಡಿ, ಅದು ಟೈಪಿಂಗ್ ತಂತ್ರಾಂಶ ಐಬಸ್‌ನದ್ದು, ‘ಐಬಸ್ ರೀಸ್ಟಾರ್ಟ್’ ಕೊಟ್ಟರೆ ಹೆಚ್ಚಾಗಿ ಮುಗಿಯಿತು.

ಯಂತ್ರವನ್ನು ಹಿಂದೆ ಕೊಡುವ ಮೊದಲು ಅಲಾರಂ ಇಟ್ಟು ಹತ್ತು ಸಲ ಮಲಗಿಸಿ ಎಬ್ಬಿಸುತ್ತೇನೆ, ಒಂದು ರಾತ್ರಿ ಪೂರ್ತಿ ಮಲಗಿಸಿಡುತ್ತೇನೆ. ಬೆಳಿಗ್ಗೆ ಸಸ್ಪೆಂಡ್_ಸ್ಟ್ಯಾಟ್ಸ್‌ನಲ್ಲಿ ‘ಸಕ್ಸೆಸ್’ 11, ‘ಫೇಲ್’ 0 ಇರಬೇಕು. 10 ಮತ್ತು 1 ಇದ್ದರೆ ಯಂತ್ರ ಇನ್ನೊಂದು ದಿನ ನನ್ನ ಮೇಜಿನಲ್ಲೇ ಇರುತ್ತದೆ.